ನಾನು ಒಪ್ಪಿದ್ದೇನೆಂದು ಬರೆದ ಅಧ್ಯಕ್ಷರಿಗೆ

ಮಾನ್ಯ ನಗರಸಭೆಯ ಅಧ್ಯಕ್ಷರೇ,

ನನ್ನ ಅಕ್ಕನ ಕಸುಬು ನಿಲ್ಲಿಸುವ ನಿಮ್ಮ ನಿರ್ಣಯಕ್ಕೆ ನಾನು ಒಪ್ಪಿಲ್ಲ. ಒಪ್ಪಿದ್ದೇನೆಂದು ನಿಮ್ಮ ಕಚೇರಿಯ ಗೋಡೆಗೆ ಅಂಟಿಸಿದ ಹಾಳೆ ಹೇಳುತ್ತಿದೆ. ಅದರಲ್ಲಿ ನಲವತ್ತೊಂದು ಹೆಸರುಗಳಿವೆ, ಹದಿನೇಳನೆಯದು ನನ್ನದು. ಮೇಲೆ ದಪ್ಪ ಅಕ್ಷರದಲ್ಲಿ ‘ಸರ್ವಾನುಮತದಿಂದ’ ಎಂದಿದೆ.

ಅಕ್ಕ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾಳೆ. ಅಂಗಡಿಯಿಲ್ಲ, ನಗರಸಭೆಯೇ ಕೊಟ್ಟ ಪರವಾನಗಿ ಚೀಟಿಯಿದೆ. ಸ್ಕ್ರೂಡ್ರೈವರು, ಎಣ್ಣೆ ಡಬ್ಬಿ, ಸವೆದ ಹಲ್ಲುಜ್ಜುವ ಬ್ರಷ್ಷು ಚೀಲಕ್ಕೆ ಹಾಕಿಕೊಂಡು ಕರೆದವರ ಮನೆಗೆ ಹೋಗುತ್ತಾಳೆ. ಯಂತ್ರ ತುಳಿದ ಸದ್ದು ಕೇಳಿದರೆ ಸಾಕು, ನೂಲು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹೇಳಿಬಿಡುತ್ತಾಳೆ. ಇನ್ನು ಮುಂದೆ ನೀವು ಆರಿಸಿದ ಮೂರು ಅಂಗಡಿಗಳವರು ಮಾತ್ರ ರಿಪೇರಿ ಮಾಡಬೇಕಂತೆ. ಕರೆಯುವವರು ಕರೆಯುತ್ತಾರೆ, ಹೋಗುವವಳು ಹೋಗುತ್ತಾಳೆ. ಇಬ್ಬರ ನಡುವೆ ನಗರಸಭೆಗೇನು ಕೆಲಸ? ಇಂಥ ಪ್ರಶ್ನೆ ಬಹುಶಃ ನನ್ನ ಹಾಗೆ ನಾಲ್ಕನೇ ತರಗತಿಗೇ ಶಾಲೆ ಬಿಟ್ಟವರಿಗೆ ಮಾತ್ರ ಹೊಳೆಯುತ್ತದೆ.

ಇದನ್ನು ತೀರ್ಮಾನಿಸಲು ನೀವು ಊರವರ ಸಭೆ ಕರೆದ ದಿನ ಅಕ್ಕನಿಗೆ ಕೆಲಸವಿತ್ತು. “ನೀನು ಹೋಗಿ ಬೇಡ ಅಂತ ಒಂದು ಮಾತು ಹೇಳಿ ಬಾ. ಅಷ್ಟಕ್ಕೂ ಬಾಯಿಲ್ವೇನೇ ನಿಂಗೆ?” ಎಂದು ಕಳಿಸಿದಳು. ಬಾಗಿಲಲ್ಲಿ ನಿಮ್ಮ ಗುಮಾಸ್ತರು, “ಒಳಗೆ ಬರೋರೆಲ್ಲ ಸಹಿ ಹಾಕ್ಬೇಕಮ್ಮ, ಸುಮ್ನೆ ಹಾಜರಿಗೆ” ಎಂದು ಪುಸ್ತಕ ಮುಂದಿಟ್ಟರು. ಹಾಕಿದೆ. ಕೊನೆಗೆ ನೀವು, “ವಿರೋಧ ಇರೋರು ಎದ್ದು ನಿಲ್ಲಿ” ಎಂದಿರಿ. ಎದ್ದೇ ಬಿಟ್ಟೆ ಅಂದುಕೊಂಡೆ. ನೋಡಿದರೆ ಕೂತೇ ಇದ್ದೆ. ಮೂರು ಎಣಿಸುವಷ್ಟೂ ನೀವು ಕಾಯಲಿಲ್ಲ. ಚಪ್ಪಾಳೆ ಬಿತ್ತು. ಕೂತದ್ದು ನನ್ನ ತಪ್ಪೇ. ಆದರೆ ಹಾಜರಿಯ ಸಹಿಯನ್ನು ಒಪ್ಪಿಗೆಯ ಸಹಿ ಮಾಡಿದ್ದು ಯಾರ ತಪ್ಪು? ಇನ್ನು ಮೇಲೆ ನಾಚಿಕೆ ಸ್ವಭಾವದವರೆಲ್ಲ ನಿಮ್ಮ ಪಕ್ಷವೇ?

ಹಾಳೆ ನೋಡಿದ ದಿನ, ನಾನು ಒಪ್ಪಿಲ್ಲವೆಂದು ಒಂದು ಚೀಟಿ ಬರೆದುಕೊಂಡು ನಿಮ್ಮ ಕೋಣೆಗೆ ಬಂದೆ. ಓದಿದಿರಿ. ಎದ್ದು ಬಾಗಿಲು ಮುಚ್ಚಿದಿರಿ. “ನಿಜ ಹೇಳ್ಲಾ ತಂಗಿ? ನಂಗೂ ಇದು ಸರಿ ಕಾಣಲ್ಲ. ಆದ್ರೆ ಎಲ್ಲರನ್ನೂ ಜೊತೇಲಿ ಕರ್ಕೊಂಡು ಹೋಗ್ಬೇಕಲ್ಲ?” ಎಂದಿರಿ. ಎಲ್ಲಿಗೆ, ಮಾನ್ಯರೇ? ನಿಮಗೇ ಸರಿಕಾಣದ ಕಡೆಗೆ? ಆ ಸಭೆಯಲ್ಲಿ ನಮ್ಮಿಬ್ಬರ ಹಾಗೆ ಇನ್ನೆಷ್ಟು ಜನ ಕೂತಿದ್ದರೋ! ನಾನು ಉಳಿದ ನಲವತ್ತು ಜನರಿಗೆ ಹೆದರಿದೆ. ಮೈಕು ಕೈಯಲ್ಲಿದ್ದ ನೀವು ಯಾರಿಗೆ ಹೆದರಿದಿರಿ?

ಅಕ್ಕನೂ ಆ ಹಾಳೆ ಓದಿದಳು. ಮನೆಗೆ ಬಂದು, “ನೀನೂನಾ?” ಎಂದಳು, ಅಷ್ಟೇ. ಎಂಟು ದಿನವಾಯಿತು. ಊಟಕ್ಕೆ ನನ್ನ ತಟ್ಟೆ ಇಡುತ್ತಾಳೆ, ಮಾತಿಲ್ಲ. ನಡೆದದ್ದು ಹೇಳೋಣವೆಂದರೆ ಅವಳೆದುರೂ ನನಗೆ ಬಾಯಿ ಬರುತ್ತಿಲ್ಲ.

ನಿರ್ಣಯ ಬದಲಾಗುವುದಿಲ್ಲವೆಂದು ಗೊತ್ತು. ಬದಲಿಸುವ ಶಕ್ತಿ ನನಗಿಲ್ಲ, ಮನಸ್ಸು ನಿಮಗಿಲ್ಲ. ಒಂದೇ ಕೇಳುತ್ತೇನೆ: ‘ಸರ್ವಾನುಮತ’ ಎಂಬುದನ್ನು ಹೊಡೆದುಹಾಕಿ, ‘ಒಬ್ಬಳು ಒಪ್ಪಲಿಲ್ಲ’ ಎಂದು ಬರೆಯಿರಿ. ಸೋಮವಾರ ಅಕ್ಕ ತನ್ನ ಪರವಾನಗಿ ಚೀಟಿ ಒಪ್ಪಿಸಲು ಆ ಗೋಡೆಯ ಪಕ್ಕದ ಸಾಲಿನಲ್ಲಿ ನಿಲ್ಲುತ್ತಾಳೆ. ಅವಳು ಬರುವ ಮೊದಲು ಬರೆದುಬಿಡಿ.

ಇಂತಿ,
ನಿಮ್ಮ ನಲವತ್ತೊಂದರಲ್ಲಿ ಕಳೆಯಬೇಕಾದ ಒಬ್ಬಳು