ಗೇಟಿನ ಹೊರಗಿನ ಚಪ್ಪಡಿ

ದಯಾನಂದನ ಅಪ್ಪನವರಿಗೆ ಗಿರಿಜಾಂಬ ಮಾಡುವ ಶರಣಾರ್ಥಿ.

ನೀವು ತೀರಿಕೊಂಡ ಬೆಳಿಗ್ಗೆ ನಿಮ್ಮನ್ನು ಕೂರಿಸಲು ಜಾಗ ಹುಡುಕಿದ್ದು ಇನ್ನೂ ನನ್ನ ಎದೆಯಿಂದ ಇಳಿದಿಲ್ಲ. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಬೀದಿಗೆ ಮುಖ ಮಾಡಿ ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಮಾವನವರನ್ನು ಹಳೇ ಮನೆಯ ಜಗಲಿಯ ಮೇಲೆ ಕೂರಿಸಿದ್ದಾಗ ಮಾಗಡಿ ಪೇಟೆಯವರೆಲ್ಲ ನಿಂತಲ್ಲಿಂದಲೇ ಕೈಮುಗಿದು ಹೋಗಿದ್ದರು. ನಿಮ್ಮನ್ನು ಕೂರಿಸಿದ್ದು ಕಾರು ನಿಲ್ಲಿಸುವ ಜಾಗದಲ್ಲಿ. ಕಾರನ್ನು ಹೊರಗೆ ತಳ್ಳಿ, ಎಣ್ಣೆ ಕಲೆಯ ಮೇಲೆ ಚಾಪೆ ಹಾಸಿದರು. ಎದುರಿಗೆ ಆಳೆತ್ತರದ ಕಾಂಪೌಂಡು. ಜೀವಮಾನವೆಲ್ಲ ಬೀದಿ ನೋಡುತ್ತಾ ಕೂತವರು ಕೊನೆಯ ದಿನ ಗೋಡೆ ನೋಡುತ್ತಾ ಕೂತಿರಿ. ಬಂದವರು ಒಳಗೆ ಬರಬಹುದೋ ಬಾರದೋ ಎಂದು ಅನುಮಾನಿಸಿ ರಸ್ತೆಯಲ್ಲೇ ನಿಂತರು.

ಹಳೇ ಮನೆ ಕೆಡವಿ ಈ ಮನೆ ಕಟ್ಟಿಸುವಾಗ, ಜಗಲಿ ಇರಲಿ ಎಂದು ನೀವು ಒಂದೇ ಸಲ ಹೇಳಿದಿರಿ. "ಈಗ ಯಾರಪ್ಪ ಜಗಲಿ ಮೇಲೆ ಕೂರ್ತಾರೆ? ಎಲ್ರೂ ಟೀವಿ ಮುಂದೆ ಅವ್ರೆ. ಕುಡುಕರಿಗಾಯ್ತದೆ ಅಷ್ಟೆ," ಎಂದ ನಿಮ್ಮ ಮಗ. ಪೂರಾ ಸುಳ್ಳಲ್ಲ. ಜನ ಕಡಿಮೆಯಾದರೆಂದು ಜಗಲಿ ಹೋಯಿತು. ಜಗಲಿ ಹೋದಮೇಲೆ ಉಳಿದವರೂ ಬರಲಿಲ್ಲ.

ಎದುರುಮನೆಯ ಅಕ್ಬರಿ ಬೇಗಂ ಅವರೆಕಾಯಿ ಮೊರ ಹಿಡಿದು ಬರುತ್ತಿದ್ದಳಲ್ಲ, "ಯಜಮಾನ್ರೇ, ಒಸಿ ಜರುಗಿ, ಜಗಲಿ ನಿಮ್ಮೊಬ್ರದಾ?" ಎಂದು ನಿಮ್ಮನ್ನೇ ಗದರುತ್ತಾ. ಈಗೇಕೆ ಬರುವುದಿಲ್ಲ ಎಂದು ಕೇಳಿದೆ.

"ಬೆಲ್ ಒತ್ತಿ ಬರ್ಬೇಕಂದ್ರೆ ಏನಾರ ಕೆಲ್ಸ ಇರ್ಬೇಕಲ್ಲ ಗಿರಿಜಮ್ಮ. ನಂಗೇನೈತೆ ಕೆಲ್ಸ?"

ಇಷ್ಟು ದೊಡ್ಡ ಮನೆ ಕಟ್ಟಿಸಿ, ಕೆಲಸವಿಲ್ಲದೆ ಬರುವವರಿಗೆ ಒಂದು ಮೊಳ ಜಾಗ ಬಿಡಲಿಲ್ಲ ನಾವು.

ಹಳೇ ಜಗಲಿಯ ಚಪ್ಪಡಿಯೊಂದು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿತ್ತು. ಮೊನ್ನೆ ಅದನ್ನು ಗೇಟಿನ ಹೊರಗೆ ಹಾಕಿಸಿದೆ. ದಯಾನಂದ ರೇಗಿದ. ಕಾರು ತಿರುಗಿಸಲು ಆಗುವುದಿಲ್ಲ, ಪುರಸಭೆಯವರು ಕಿತ್ತುಹಾಕುತ್ತಾರೆ ಎಂದ.

"ಇಂಥ ಮನೆ ಇಟ್ಕೊಂಡು ಬೀದೀಲಿ ಕೂತ್ಕತೀಯೇನಮ್ಮ?"

"ಕೂತ್ಕತೀನಿ ಕಣಪ್ಪ. ನಾಳೆ ನನ್ನೂ ಇಲ್ಲೇ ಕೂರ್ಸು."

ಅವನು ಒಳಗೆ ಹೋದ. ಇವತ್ತಿಗೂ ಸರಿಯಾಗಿ ಮಾತಾಡುತ್ತಿಲ್ಲ. ಕಲ್ಲು ಎಷ್ಟು ದಿನ ಉಳಿಯುವುದೋ, ಅದೂ ಗೊತ್ತಿಲ್ಲ. ಆದರೆ ನಿನ್ನೆ ಸಂಜೆ ಅಕ್ಬರಿ ಮೊರ ಹಿಡಿದು ರಸ್ತೆ ದಾಟಿ ಬಂದಳು. ನನ್ನ ಮುಂದೆ ನಿಂತು, "ಒಸಿ ಜರುಗಿ," ಎಂದಳು.

ಜರುಗಿದೆ.

ನಿಮ್ಮ ಗದ್ದುಗೆಗೆ ಹಣೆ ಹಚ್ಚುತ್ತೇನೆ. ನೀವು ಕೂತಿರುವ ಕಡೆಯಿಂದ ಬೀದಿ ಕಾಣುತ್ತಿರಲಿ.

ನಿಮ್ಮ,
ಗಿರಿಜಾಂಬ