ಎತ್ತರದ ಜಾಗ ಎಲ್ಲಿದೆ, ಹೇಳಿ

ದ್ವೀಪದ ಪ್ರವಾಸೋದ್ಯಮ ನಿರ್ದೇಶಕರಾದ ಮಾನ್ಯರೇ,

ನನಗೆ ಭಯವಾಗುತ್ತಿದೆ. ಮುಂದಿನ ತಿಂಗಳು ಹದಿನಾಲ್ಕರಂದು ಚೆನ್ನೈಯಲ್ಲಿ ವಿಮಾನ ಹತ್ತಿ ನಾನೂ ನನ್ನ ಹೆಂಡತಿ ಸೀತಾಳೂ ನಿಮ್ಮ ಕಡಲತೀರಕ್ಕೆ ಐದು ದಿನದ ಮಟ್ಟಿಗೆ ಬರುವವರಿದ್ದೇವೆ. ಸಮುದ್ರ ಉಕ್ಕಿ ಬಂದರೆ ಹೋಟೆಲಿನಿಂದ ಯಾವ ಕಡೆ ಓಡಬೇಕು ಎಂದು ನಿಮ್ಮ ಕಚೇರಿಗೆ ಮೂರು ಸಲ ಬರೆದೆ, ಎರಡು ಸಲ ಫೋನ್ ಮಾಡಿದೆ. ಉತ್ತರವಾಗಿ ಬಂದದ್ದು ಒಂದು ಬಣ್ಣದ ಪುಸ್ತಿಕೆ. 'ನಮ್ಮ ಅಲೆಗಳು ನಿಮ್ಮನ್ನು ಬಾಚಿ ತಬ್ಬಿಕೊಳ್ಳುತ್ತವೆ' ಎಂದು ಅದರ ಮೊದಲ ಪುಟದಲ್ಲೇ ಅಚ್ಚಾಗಿದೆ. ಈ ಸಾಲು ಬರೆದ ಪುಣ್ಯಾತ್ಮರನ್ನು ಅಲೆ ಒಮ್ಮೆಯೂ ತಬ್ಬಿಕೊಂಡಿರಲಾರದು.

ನಿಮ್ಮ ಸಿಬ್ಬಂದಿ ಫೋನಿನಲ್ಲಿ ಬಹಳ ವಿನಯದಿಂದಲೇ ಕೇಳಿದರು: "ಸಾರ್, ನೀವು ಬರೋದು ರಜಾಕ್ಕೋ, ತಪಾಸಣೆಗೋ?" ನಾನು ಮೂವತ್ತೈದು ವರ್ಷ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದವನು. ಸಿಗ್ನಲ್ ಕೆಟ್ಟರೆ ಅದು ತಾನಾಗಿ ಕೆಂಪಿಗೆ ಬರಬೇಕು ಎಂಬುದು ಅಲ್ಲಿನ ಮೊದಲ ಪಾಠ. ನಿಮ್ಮ ಸುನಾಮಿ ಸೈರನ್ ಕೆಟ್ಟರೆ ಏನು ಗತಿ ಎಂದು ಕೇಳಿದೆ. ಇದುವರೆಗೆ ಕೆಟ್ಟದ್ದೇ ಇಲ್ಲ ಎಂದರು. ಬಾರಿಸಿ ನೋಡಿದ್ದೀರಾ ಎಂದೆ. ಇಲ್ಲವಂತೆ. ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಿಮ್ಮ ಇಲಾಖೆಯ ಲಿಖಿತ ನಿಯಮವೋ, ಬರೀ ರೂಢಿಯೋ?

ಈ ಪ್ರವಾಸ ನಮ್ಮ ಮಗಳು ಪ್ರೇರಣಾಳ ಉಡುಗೊರೆ. ನಮ್ಮ ಮದುವೆಯಾಗಿ ನಲವತ್ತು ವರ್ಷವಾಯಿತೆಂದು. ಬೇಡ ಕಣಮ್ಮಾ ಎಂದರೆ, "ಸುಮ್ಮಾ ಇರುಂಗಪ್ಪಾ, ಟಿಕೆಟ್ ಎಲ್ಲಾ ಕನ್ಫರ್ಮ್ ಆಯ್ತು" ಎಂದು ತಮಿಳು ಬೆರೆಸಿ ಗದರುತ್ತಾಳೆ. ಅವಳಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ. ಅವಳೂ ಓದಲಿ.

2004ರ ಡಿಸೆಂಬರಿನ ಆ ಭಾನುವಾರ ಬೆಳಿಗ್ಗೆ ನಾನೂ ಸೀತಾಳೂ ಮರೀನಾದ ಮರಳಿನ ಮೇಲೆ ನಡೆಯುತ್ತಿದ್ದೆವು. ಅವಳು ನನ್ನ ಕೈ ಹಿಡಿದಿದ್ದಳು. ಜನ ಕಿರುಚಿದರು, ತಿರುಗಿ ನೋಡಿದರೆ ನೀರು ನುಗ್ಗಿ ಬರುತ್ತಿತ್ತು. ನಾನು ಓಡಿದೆ. ರಸ್ತೆ ದಾಟಿ ಯಾವುದೋ ಕಾಂಪೌಂಡ್ ಗೋಡೆ ಹತ್ತಿ ನಿಂತ ಮೇಲೆಯೇ ಅವಳು ಜೊತೆಯಲ್ಲಿಲ್ಲ ಎಂದು ತಿಳಿದದ್ದು. ಗಾಬರಿಯಲ್ಲಿ ಕೈ ಜಾರಿತು ಎಂದು ಇಪ್ಪತ್ತು ವರ್ಷದಿಂದ ಕಂಡವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಜಾರಲಿಲ್ಲ, ಮಾನ್ಯರೇ. ನಾನೇ ಕೊಡವಿಕೊಂಡೆ. ಮುಕ್ಕಾಲು ಗಂಟೆಯ ನಂತರ ಅವಳು ಒದ್ದೆ ಸೀರೆಯಲ್ಲಿ, ಮೀನು ಮಾರುವ ಹೆಂಗಸೊಬ್ಬಳ ತೋಳು ಹಿಡಿದು ಬಂದಳು. "ಮನೆಗೆ ಹೋಗೋಣ ನಡೀರಿ" ಎಂದಳು. ಆ ದಿನದ ಬಗ್ಗೆ ಅವಳು ಬೇರೆ ಮಾತೇ ಆಡಿಲ್ಲ.

ಹಗ್ಗ ಕಂಡರೂ ಹಾವೆನ್ನುವ ಮುದುಕ ಎಂದು ನೀವು ನಗಬಹುದು. ಆದರೆ ಪ್ರಾಣಕ್ಕೆ ಬಂದಾಗ ನಾನು ಎಂಥ ಮನುಷ್ಯ ಎಂದು ಒಮ್ಮೆ ನೋಡಿಬಿಟ್ಟಿದ್ದೇನೆ. ಆ ಹೆದರಿಕೆಗೆ ಈಗ ಊಟ ಸೇರುತ್ತಿಲ್ಲ. ದಾರಿ ಮೊದಲೇ ಗೊತ್ತಿದ್ದರೆ, ಅವಳ ಜೊತೆ ಎರಡು ಸಲ ನಡೆದು ರೂಢಿ ಮಾಡಿಕೊಂಡರೆ, ಇನ್ನೊಮ್ಮೆ ಹಾಗೆ ಮಾಡಲಾರೆನೇನೋ ಎಂಬ ಆಸೆ. ಎತ್ತರದ ಜಾಗ ಎಲ್ಲಿದೆ? ಮಂಡಿ ನೋವಿರುವ ಅರವತ್ತನಾಲ್ಕರ ಹೆಂಗಸು ಅಲ್ಲಿಗೆ ತಲುಪಲು ಎಷ್ಟು ನಿಮಿಷ ಬೇಕು? ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪ್ರತಿ ಕೋಣೆಯ ಬಾಗಿಲಿಗೆ ಅಂಟಿಸಲು ನಿಮಗೇನು ಕಷ್ಟ?

ಮೊನ್ನೆ ಪ್ರೇರಣಾ ಕೋಣೆ ಆರಿಸುತ್ತಿದ್ದಾಗ ಸೀತಾ, ಸಮುದ್ರ ಕಾಣುವ ಕೋಣೆಯೇ ಆಗಬೇಕೆಂದು ಹಟ ಹಿಡಿದಳು. ಹಳೆಯದನ್ನೆಲ್ಲ ಮರೆತಿದ್ದಾಳೆ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಮಗಳು ಅತ್ತ ಹೋದ ಮೇಲೆ, "ಸಮುದ್ರ ಅಂದ್ರೆ ಅಷ್ಟು ಇಷ್ಟವಾ ನಿಂಗೆ?" ಎಂದು ಕೇಳಿದೆ.

"ಇಷ್ಟ ಏನಿಲ್ಲ ಕಣ್ರೀ," ಎಂದಳು, ಕಾಫಿ ಲೋಟ ತೊಳೆಯುತ್ತಾ. "ನೀರು ಬಂದ್ರೆ ಈ ಸಲ ಮೊದ್ಲು ನಂಗೆ ಕಾಣ್ಲಿ ಅಂತ."

ಹದಿನಾಲ್ಕರೊಳಗೆ ದಾರಿಯ ನಕ್ಷೆ ಕಳಿಸಿ, ಮಾನ್ಯರೇ.

ಇಂತಿ,
ಒಮ್ಮೆ ಒಬ್ಬನೇ ಓಡಿದವನು,
ಹರಿಹರ
ಪೋರೂರು, ಚೆನ್ನೈ