ಜ್ವರ ಬಂದ ಕುರಿಗಳ ಉಣ್ಣೆ

ತಂಗಿಯಮ್ಮಾ, ಮೊದಲೇ ಹೇಳಿಬಿಡುತ್ತೇನೆ, ನಮ್ಮ ಉಣ್ಣೆ ಪಾಸಾಯಿತು! ಇಲ್ಲಿಯ ಗಿರಣಿಯಲ್ಲಿ ಉಣ್ಣೆ ಪರೀಕ್ಷೆ ಮಾಡುವ ಹೆಂಗಸು ನೋಡುವುದು ಕಣ್ಣಿಂದಲ್ಲ, ಕಿವಿಯಿಂದ. ಮೂಟೆಯಿಂದ ಒಂದು ಎಳೆ ಗೊಂಚಲು ಕಿತ್ತು, ಎರಡೂ ತುದಿ ಹಿಡಿದು, ಕಿವಿಯ ಹತ್ತಿರ ತಂದು ಜಗ್ಗುತ್ತಾಳೆ. ಕುರಿಗೆ ಜ್ವರ ಬಂದಾಗ ಬೆಳೆದ ಉಣ್ಣೆ ಸೊರಗಿ, ಅಲ್ಲೇ ಚಟಚಟ ಹರಿಯುತ್ತದಂತೆ. ನಮ್ಮ ಮಂದೆಗೆ ಜ್ವರ ಬಂದದ್ದನ್ನು ಮುಚ್ಚಿಡದೆ ಹೇಳಿದೆ. ಜಗ್ಗಿದಳು ನೋಡು, ತಂತಿ ಮೀಟಿದ ಹಾಗೆ ಟಿಣ್ ಎಂದಿತು! ನನ್ನ ಮಂದ ಕಿವಿಗೂ ಕೇಳಿಸಿತು. ಹನ್ನೊಂದು ಮೂಟೆಯಲ್ಲೂ ಅದೇ ಸದ್ದು.

"ಜ್ವರದಲ್ಲಿ ಇವನ್ನ ನೋಡ್ಕೊಂಡೋರು ಯಾರು, ಯಜಮಾನ್ರೇ?"

"ನನ್ನ ತಂಗಿ. ಹೊತ್ತುಹೊತ್ತಿಗೆ ಗಂಜಿ ಕುಡಿಸಿದಳು. ನನಗೇ ಅಷ್ಟು ಮಾಡಿದವಳಲ್ಲ."

"ಹಾಗಾದ್ರೆ ಮುಂದಿನ ಸಲ ಅವರನ್ನೇ ಕಳಿಸಿ, ನೀವು ಮನೇಲಿರಿ" ಎಂದು ನಕ್ಕಳು.

ಮಂಡಿನೋವು ಇಳಿದಿದೆ, ಊಟ ಸೇರುತ್ತಿದೆ. ನಾಡಿದ್ದು ಹೊರಡುತ್ತೇನೆ. ನೀನು ಮೇಯಿಸುತ್ತಿದ್ದಾಗ ಜ್ವರ ಬಂತು, ನಿನ್ನಿಂದಲೇ ಮಂದೆ ಕೆಟ್ಟಿತೆಂದು ಇನ್ನು ಕೊರಗಬೇಡ, ಮಾರಿಬಿಡೋಣ ಎನ್ನಲೂ ಬೇಡ. ಕುರಿ ಕೊಳ್ಳುವವನು ಬಾಗಿಲಿಗೆ ಬಂದರೆ ಕುಡಿಯಲು ನೀರು ಕೊಟ್ಟು, ಬಂದ ದಾರಿಯಲ್ಲೇ ಕಳಿಸು.

ಕಾರ್ಡು ತುಂಬಿತು.
ನಿನ್ನ ಅಣ್ಣ